ಮಾವನ ಮನೆಗೆ ಬರಿಮೋರೆಯಲ್ಲಿ

ನಮ್ಮ ಸೋದರಮಾವನ ಮನೆಗೆ ಹೋಗಿ, ಹೋದ ಮೋರೆಯಲ್ಲೇ ಹಿಂದಿರುಗಿದವರು ಇಡೀ ಬಿಕರ್ನಕಟ್ಟೆಯಲ್ಲಿ ಇರಲಿಲ್ಲ! ಉತ್ಪ್ರೇಕ್ಷೆ ಎನ್ನುತ್ತೀರಾ? ಬಾಳೆಹಣ್ಣು ಕೊಟ್ಟು ಬರುತ್ತೇನೆಂದು ಹೋದ ನಾನೇ ಒಮ್ಮೆ ರಾಕ್ಷಸನಾಗಿ ಮನೆಗೆ ಬಂದಿದ್ದೆ. ಹೆತ್ತ ತಾಯಿ ಬಾಗಿಲು ಹಾಕಿಕೊಂಡಳು.

ಮಾವ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷದವರು. ಎಂದರೆ ರಾಕ್ಷಸರೆಲ್ಲ ಅವರ ಪಾಲಿಗೆ. ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ, ಕಡ್ಡಿಯ ತುದಿಯಿಂದ ಮುಖದ ಮೇಲೆ ಬಿಳಿ ಮುಳ್ಳುಗಳ ಹಾಗೆ ಇಡುವ ಚಿಟ್ಟಿ ಅವರ ಹೆಚ್ಚುಗಾರಿಕೆ. ಮನೆಯಲ್ಲಿದ್ದಾಗ ಆ ಹಿಟ್ಟು ಅರೆದುಕೊಡುತ್ತಿದ್ದವಳು ಮಾಮಿ. ಮದುವೆಯಾದಂದಿನಿಂದ ಅವಳು ಅರೆದದ್ದು ಮಾವನಿಗೆ ಒಂದು ದಿನವೂ ಸರಿ ಬಂದದ್ದಿಲ್ಲ. ತರಿತರಿ ಎಂದು ಅವರು ಗೊಣಗುವುದು, ಹಾಗಾದರೆ ನೀವೇ ಅರೆದುಕೊಳ್ಳಿ ಎಂದು ಇವಳು ಸಿಡುಕುವುದು, ಅದೇ ಅವರ ದಾಂಪತ್ಯ.

ಮುಪ್ಪಿನಲ್ಲಿ ಮಾವನಿಗೆ ಮರೆವು ಹತ್ತಿತು. ಕಂಕನಾಡಿಯ ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದುಬಿಟ್ಟರು. ಮನುಷ್ಯರ ಮುಖಗಳೆಲ್ಲ ಮಾವನ ತಲೆಯಿಂದ ಇಳಿದುಹೋದವು, ವೇಷದ ಮುಖಗಳು ಮಾತ್ರ ಒಂದೂ ಅಲುಗಲಿಲ್ಲ! ಹಾಗಾಗಿ ಅವರೇ ಒಂದು ಉಪಾಯ ಕಂಡುಕೊಂಡರು. ಗುರುತು ಸಿಗದವರು ಬಂದರೆ ಚಾಪೆಯ ಮೇಲೆ ಕೂರಿಸಿ ಬಣ್ಣ ಹಚ್ಚುವುದು. ಬಣ್ಣ ಕೂತಿತೋ, ಮಾವನ ಮುಖ ಅರಳುತ್ತಿತ್ತು, ಮಾತು ಹರಿಯುತ್ತಿತ್ತು.

ಅಂಚೆಯವನಿಗೆ ಹೀಗೆ ಬಣ್ಣ ಹಚ್ಚಿ, ನಿನ್ನೆಯ ಆಟದಲ್ಲಿ ರಂಗಕ್ಕೆ ತಡವಾಗಿ ಬಂದದ್ದಕ್ಕೆ ಚೆನ್ನಾಗಿ ಬೈದರು. ಆ ಪುಣ್ಯಾತ್ಮ ತಪ್ಪಾಯಿತೆಂದು ಕೈಮುಗಿದು ಅದೇ ಮೋರೆಯಲ್ಲಿ ನಂತೂರಿನ ಗುಡ್ಡ ಹತ್ತಿದ. ದಿನಾ ಅಟ್ಟಿಸಿಕೊಂಡು ಬರುತ್ತಿದ್ದ ನಾಯಿಗಳು ಅಂದು ಬಾಲ ಮುದುರಿದವಂತೆ. ಮರುದಿನ ಅವನೇ ಬಂದು ಚಾಪೆ ಹಾಸಿಕೊಂಡು ಕೂತ!

ಪಕ್ಕದ ಅಂಗಡಿಯ ಬ್ಯಾರಿ ಮಾವನ ಹಳೆಯ ಸ್ನೇಹಿತರು. ಬಣ್ಣ ಬೇಡವೆಂದು ಗಡ್ಡ ಹಿಡಿದುಕೊಂಡು ಕೂತರು. ಮಾವ ಆ ಗಡ್ಡವನ್ನು ಮೆಲ್ಲಗೆ ಎಳೆದು ನೋಡಿ, ಕಟ್ಟಿದ್ದು ತುಂಬಾ ಗಟ್ಟಿ ಉಂಟು, ಕೆಲಸ ಒಳ್ಳೆಯದು ಎಂದು ಮೆಚ್ಚಿ ಬಿಟ್ಟುಬಿಟ್ಟರು.

ಕೂರದವಳು ಮಾಮಿ ಒಬ್ಬಳೇ. ಹೆಂಗಸರು ಮೋರೆಗೆ ಬಣ್ಣ ಹಚ್ಚುವುದುಂಟೇ ಎನ್ನುವ ಕಾಲ ಅದು. ರಾಕ್ಷಸಿಯಾಗಿ ಗಂಡನಿಗೆ ಗುರುತು ಸಿಗುವ ಭಾಗ್ಯ ತನಗೆ ಬೇಡವೆಂದಳು. ಮಾವ ಅವಳಿಗೆ ಬಹುವಚನ ಹಚ್ಚಿದರು. ಹಿಟ್ಟು ತಂದಿಟ್ಟರೆ, ಉಪಕಾರವಾಯಿತಮ್ಮ, ನಿಮ್ಮದು ಯಾವ ಮನೆ ಎಂದು ಕೇಳುವರು. ತರಿಯ ಸುದ್ದಿಯೇ ಇಲ್ಲ!

"ಬೈಯುವುದಾದರೂ ಬೈಯಲಿ ಮಾರಾಯ, ಈ ಮರ್ಯಾದೆ ನನಗೆ ತಡೆಯುವುದಿಲ್ಲ" ಎಂದು ಒಮ್ಮೆ ಮಾಮಿ ನನ್ನ ಹತ್ತಿರ ಅತ್ತಳು.

ಒಂದು ಬೆಳಿಗ್ಗೆ ನಾನು ಹೋದಾಗ ಮಾವ ಕನ್ನಡಿಯ ಮುಂದೆ ಕೂತಿದ್ದರು. ಮರೆವು ಬಂದ ಮೇಲೆ ತಮ್ಮ ಮುಖಕ್ಕೆ ಬಣ್ಣ ಮುಟ್ಟಿಸದವರು ಅಂದು ಬಲಗಡೆಗೆ ಕೆಂಪು, ಕಪ್ಪು ಎಲ್ಲ ಹಚ್ಚಿದ್ದರು. ಎಡಗಡೆ ಬೋಳು. ನನಗೆ ನಗು ಬಂತು. ಇದು ಎಂತ ವೇಷ ಮಾವ ಎಂದು ಕೇಳಿದೆ.

"ಇವನು ನಾನು" ಎಂದು ಬಣ್ಣದ ಕೆನ್ನೆ ಮುಟ್ಟಿದರು. ಆಮೇಲೆ ಬೋಳು ಕೆನ್ನೆಯನ್ನು ಬಹಳ ಹೊತ್ತು ನೋಡಿದರು. "ಇವನು ಯಾರು ಅಂತ ಗೊತ್ತಾಗುವುದಿಲ್ಲ. ಆಗಿನಿಂದ ನನ್ನನ್ನೇ ನೋಡ್ತಾನೆ. ಹೆದರಿಕೆ ಆಗ್ತದೆ."

ನನ್ನ ನಗು ಬಾಯಲ್ಲೇ ಉಳಿಯಿತು. ಮಾಮಿ ಅಡಿಗೆಮನೆಯಿಂದ ಬಂದಳು. ಅಷ್ಟು ವರ್ಷ ಅರೆದುಕೊಟ್ಟವಳು, ಕಡ್ಡಿಯನ್ನು ಒಮ್ಮೆಯೂ ಕೈಯಲ್ಲಿ ಹಿಡಿದವಳಲ್ಲ. ಎದುರು ಕೂತು, ಅದನ್ನು ಹಿಟ್ಟಿನಲ್ಲಿ ಅದ್ದಿ, ಆ ಬೋಳು ಕೆನ್ನೆಗೆ ಚಿಟ್ಟಿ ಇಟ್ಟಳು. ಒಂದು ಸೊಟ್ಟ, ಪಕ್ಕದ್ದು ಅದಕ್ಕಿಂತ ಸೊಟ್ಟ.

ಮಾವ ಮುಖ ಸಿಂಡರಿಸಿದರು. ಕೆನ್ನೆಯ ಹಿಟ್ಟನ್ನು ಬೆರಳಲ್ಲಿ ತೆಗೆದು ತಿಕ್ಕಿ ನೋಡಿದರು.

"ಎಷ್ಟು ಸಲ ಹೇಳಿದ್ದೇನೆ ನಿನಗೆ? ಪುನಃ ತರಿತರಿ."

ನಿನಗೆ ಎಂದರು! ಮಾಮಿ ಸೆರಗಿನಲ್ಲಿ ಕಣ್ಣೊರಸಿಕೊಂಡು, ನಾಳೆ ನುಣ್ಣಗೆ ಅರೆಯುತ್ತೇನೆ ಎಂದಳು.

ಮರುದಿನ ನಾನು ಹೋದಾಗ ಅವಳು ಅರೆಯುವ ಕಲ್ಲಿನ ಮುಂದೆ ಇದ್ದಳು. ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ, ನುಣ್ಣಗಾಗುವ ಮೊದಲೇ ಬಳಿದು ತೆಗೆಯುತ್ತಿದ್ದಳು.