ಚೀರುವ ಬೆಲ್ಟಿಗೆ ಸೋಪು, ಪೌಡರು, ಎಣ್ಣೆ

ಇಂಜಿನ್ ಬೆಲ್ಟಿಗೆ ಏನನ್ನೂ ಹಚ್ಚಬಾರದು. ನನ್ನ ಕಾರಿನ ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಇಷ್ಟು ಚಿಕ್ಕ ನಿಯಮವನ್ನು ಒಂದೇ ಒಂದು ವಾರ ಪಾಲಿಸುವುದು ನನ್ನ ಸುತ್ತಮುತ್ತಲಿನವರಿಗೆ ಆಗಲಿಲ್ಲ. ಆ ಪಟ್ಟಿಯಲ್ಲಿ ನಾನೂ ಇದ್ದೇನೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚೆನ್ನೈಯಲ್ಲಿ ಬಾನೆಟ್ ಎತ್ತಿ ನಿಂತರೆ ಸಾಕು, ಸಲಹೆ ಕೊಡುವವರು ಎಲ್ಲಿಂದಲೋ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ನನಗಂತೂ ಇದು ಆಗುತ್ತಲೇ ಇರುತ್ತದೆ.

೧. ಬೆಕ್ಕು

ತಂಗಿಯ ಮಗಳ ಮದುವೆ ಭಾನುವಾರ. ಹಿಂದಿನ ಸಂಜೆ ಜಾನವಾಸ. ಅಂದರೆ ವರನನ್ನು ಹೂವಿನ ಕಾರಿನಲ್ಲಿ ಕೂರಿಸಿ, ವಾದ್ಯದವರ ಹಿಂದೆ, ದೇವಸ್ಥಾನದಿಂದ ಕಲ್ಯಾಣ ಮಂಟಪಕ್ಕೆ ಮೆರವಣಿಗೆಯಲ್ಲಿ ಕರೆತರುವುದು. "ಬಾಡಿಗೆ ಕಾರು ಯಾಕೆ? ನನ್ನದೇ ಇದೆ. ಹದಿನೇಳು ವರ್ಷ ಆಯಿತು, ಒಂದು ಅನವಶ್ಯಕ ಸದ್ದು ಮಾಡಿದ್ದಿಲ್ಲ" ಎಂದು ಬೀಗರ ಎದುರಿಗೇ ನಾನು ಮಾತು ಕೊಟ್ಟಿದ್ದೆ. ಮಾತು ಕೊಟ್ಟ ಮೇಲೆ ಮುಗಿಯಿತು. ಸೋಮವಾರ ಸಂಜೆ ಬಿರುಕುಬಿಟ್ಟಿದ್ದ ಹಳೆಯ ಬೆಲ್ಟ್ ಬಿಚ್ಚಿ, ಹೊಸದನ್ನು ನಾನೇ ಹಾಕಿದೆ.

ಹೆಬ್ಬೆರಳಲ್ಲಿ ಒತ್ತಿದರೆ ಬೆಲ್ಟ್ ಎಂಟು ಮಿಲಿಮೀಟರ್ ತಗ್ಗಬೇಕು ಎಂದು ಕೈಪಿಡಿ ಹೇಳುತ್ತದೆ. ಸ್ಕೇಲ್ ಇಟ್ಟು ಅಳೆದೆ. ಎಂಟು. ಟಾರ್ಚ್ ಹಿಡಿದು ನಿಂತಿದ್ದ ಹೆಂಡತಿಗೂ ತೋರಿಸಿ, ಅವಳ ಬಾಯಿಂದಲೂ "ಎಂಟು" ಅನ್ನಿಸಿದೆ.

ಕೀ ತಿರುಗಿಸಿದೆ. ಸದ್ದಿಲ್ಲ. ಬೀದಿಯಲ್ಲಿ ಕಾಲು ಗಂಟೆ ಓಡಿಸಿ ವಾಪಸ್ ಬಂದೆ. "ಕೀಈಈಈ!"

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೋಲು ಹಿಡಿದು ಓಡಿ ಬಂದ. "ಸಾರ್, ಪೂನೈ! ಉಳ್ಳೇ ಪೂನೈ!" ಒಳಗೆ ಬೆಕ್ಕು ಸಿಕ್ಕಿಕೊಂಡಿದೆ ಎಂದು ಅವನ ಗಾಬರಿ. ಬೆಕ್ಕಲ್ಲಪ್ಪ, ಬೆಲ್ಟು ಎಂದು ಟಾರ್ಚ್ ಬಿಟ್ಟು ತೋರಿಸಿ, ಬೆಲ್ಟ್ ಹೇಗೆ ತಿರುಗುತ್ತದೆ ಎಂಬುದನ್ನೂ ವಿವರಿಸಿದೆ. ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸಿ ಹೋದ.

ಮರುದಿನ ಬೆಳಿಗ್ಗೆ ಮುಂದಿನ ಚಕ್ರದ ಪಕ್ಕ ತಟ್ಟೆಯಲ್ಲಿ ಹಾಲು ಇಟ್ಟಿತ್ತು.

೨. ಸ್ನಾನ

ಕೆಳಗಿನ ಮನೆಯಲ್ಲಿ ಒಬ್ಬರು ನಿವೃತ್ತ ಎಂಜಿನಿಯರ್ ಇದ್ದಾರೆ. ಅದೇ ಬೆಳಿಗ್ಗೆ ಸದ್ದು ಕೇಳಿ ಲುಂಗಿ ಎತ್ತಿ ಕಟ್ಟುತ್ತಲೇ ಬಂದರು. ಕೈಯಲ್ಲಿ ಬಟ್ಟೆ ಸೋಪಿನ ಬಿಲ್ಲೆ.

"ಕೈಪಿಡಿಯಲ್ಲಿ ಏನೂ ಹಚ್ಚಬಾರದು ಅಂತ ಇದೆ" ಎಂದೆ.

"ಕೈಪಿಡಿ ಬರೆದವನು ಮೇ ತಿಂಗಳಲ್ಲಿ ಇಲ್ಲಿ ಒಂದು ದಿನ ಇದ್ದನಾ?"

ನಾನು ಕೈಪಿಡಿಯ ಮೊದಲ ಪುಟದಲ್ಲಿ ಬರೆದವನ ಊರು ಹುಡುಕುವಷ್ಟರಲ್ಲಿ ಅವರು ಸೋಪು ಉಜ್ಜಿ ಮುಗಿಸಿದ್ದರು. ಆಶ್ಚರ್ಯವೆಂದರೆ ಸದ್ದು ನಿಂತಿತು. ಪೆರುಂಗುಡಿಯ ನನ್ನ ಆಫೀಸಿನ ಕಡೆ ಹೊರಟೆ. ದಾರಿಯಲ್ಲಿ ನೀರಿನ ಲಾರಿಯೊಂದು ತುಳುಕಿಸಿದ ನೀರೆಲ್ಲ ರಸ್ತೆಯಲ್ಲಿ ನಿಂತಿತ್ತು. ಅದರ ಮೇಲೆ ಹಾದೆ. ಕೀಈಈ! ಸಿಗ್ನಲ್ಲಿನಲ್ಲಿ ನಿಂತಾಗ ಬಾನೆಟ್ಟಿನ ಸಂದಿಯಿಂದ ಬಿಳಿ ನೊರೆ ಹೊರಟಿತು. ನಾನೂ ನೋಡಿದೆ, ಪಕ್ಕದ ಆಟೋದವನೂ ನೋಡಿದ.

ಅವನು ತಲೆ ಹೊರಗೆ ಹಾಕಿ, ಬಹಳ ವಿನಯದಿಂದ ತಮಿಳಿನಲ್ಲಿ ಕೇಳಿದ: "ಸಾರ್, ಗಾಡಿ ತಾನೇ ಸ್ನಾನ ಮಾಡಿಕೊಳ್ಳುತ್ತಾ?"

೩. ಅಲರ್ಜಿ

ಬುಧವಾರ ಕೂತು ಸೋಪೆಲ್ಲ ಒರೆಸಿದೆ. ಸದ್ದು ಇದ್ದೇ ಇತ್ತು. ಗುರುವಾರ ಬೆಳಿಗ್ಗೆ ಸದ್ದಿಲ್ಲ! ನಾನು ಏನೂ ಮಾಡಿರಲಿಲ್ಲ. ಕಾರಣವಿಲ್ಲದೆ ವಾಸಿಯಾದದ್ದನ್ನು ನಾನು ನಂಬುವುದಿಲ್ಲ. ಆದರೂ ತಂಗಿಗೆ ಫೋನ್ ಮಾಡಿ "ಸರಿಯಾಯಿತು" ಎಂದುಬಿಟ್ಟೆ. ಹೆಂಡತಿಯನ್ನು ಕೂರಿಸಿಕೊಂಡು ಮದುವೆ ಸೀರೆ ತರಲು ಹೊರಟು, ಎ.ಸಿ. ಹಾಕಿದೆ. ಕಾರಿನ ತುಂಬ ಗಂಧದ ಪೌಡರಿನ ಘಮ.

"ಯಾರದು ಈ ಪೌಡರು?"

"ನಂದೇ ರೀ."

"ಅಲರ್ಜಿ ಅಂತ ಅದನ್ನ ಬಿಟ್ಟು ಎರಡು ವರ್ಷ ಆಯಿತಲ್ಲ?"

ಅವಳು ಕಿಟಕಿಯ ಕಡೆ ತಿರುಗಿದಳು. "ನನಗೆ ಅಲರ್ಜಿ. ಡಬ್ಬ ಸುಮ್ಮನೆ ಬಿದ್ದಿತ್ತು. ಬೆಲ್ಟಿಗೆ ಅಲರ್ಜಿ ಆಗಲ್ಲವಲ್ಲ ಅಂತ ರಾತ್ರಿ ಅದಕ್ಕೆ ಉದುರಿಸಿದೆ."

"ಬೆಲ್ಟಿಗೆ ಎಲ್ಲಾದರೂ ಅಲರ್ಜಿ ಆಗುತ್ತೇನೇ?"

ಕೀಈಈಈ!

"ನೋಡಿ, ಆಯ್ತು" ಎಂದಳು.

೪. ಮೆರವಣಿಗೆ

ಪೌಡರನ್ನೂ ಒರೆಸಿದೆ, ಸದ್ದು ಹೋಗಲಿಲ್ಲ; ಆದರೆ ಬೀಗರಿಗೆ ಮಾತು ಕೊಟ್ಟಾಗಿತ್ತು. ಶನಿವಾರ ಸಂಜೆ, ದೇವಸ್ಥಾನದ ಎದುರು. ಕಾರಿನ ಮೈತುಂಬ ಮಲ್ಲಿಗೆ, ಸೇವಂತಿಗೆ. ಹಿಂದಿನ ಸೀಟಿನಲ್ಲಿ ಕೋಟು ಹಾಕಿದ ವರ. ಮುಂದೆ ನಾದಸ್ವರ, ಜೊತೆಗೆ ತವಿಲ್ ಎಂಬ ಡೋಲು. ನಾನು ಕೀ ತಿರುಗಿಸಿದೆ. ಬೆಲ್ಟ್ ಎಂಥ ಸ್ವರದಲ್ಲಿ ಚೀರಿತೆಂದರೆ ನಾದಸ್ವರದವರು ವಾದ್ಯ ಬಾಯಿಂದ ತೆಗೆದು, ಅದರ ತುದಿಯ ಪೀಪಿಯನ್ನು ಅನುಮಾನದಿಂದ ನೋಡಿದರು.

ತಂಗಿ ಓಡಿ ಬಂದಳು. "ಅಣ್ಣಾ, ಬೀಗರು ನೋಡ್ತಿದಾರೆ. ಏನಾದ್ರೂ ಮಾಡೋ!" ಅವಳ ಕಣ್ಣಲ್ಲಿ ಆಗಲೇ ನೀರು.

ಪಾನಕ ಹೊತ್ತು ತಂದಿದ್ದ ಉಡುಪಿ ಕಡೆಯ ಅಡುಗೆಯವರು ಮುಂದೆ ಬಂದರು. "ಎಂತ ಮಾರಾಯ್ರೆ, ಇಷ್ಟಕ್ಕೆಲ್ಲ ತಲೆಬಿಸಿ ಮಾಡೂದಾ? ದೀಪಕ್ಕೆ ತಂದ ತೆಂಗಿನೆಣ್ಣೆ ಉಂಟು. ಎರಡು ಚಮಚ ಬಿಡಿ, ಎಲ್ಲ ಸರಿಯಾಗ್ತದೆ."

ನಾನು ಬಿಟ್ಟೆ. ನನ್ನ ಕೈಯಾರೆ, ಮೂರು ಚಮಚ.

ಮೊದಲು ಚೀರುತ್ತಿತ್ತು, ಈಗ ಚೀರುತ್ತಾ ಹೊಗೆಯನ್ನೂ ಬಿಟ್ಟಿತು. ವರನ ತಂದೆ ಗಾಳಿ ಮೂಸಿ, "ಆಹಾ, ಹಪ್ಪಳ ಕರೀತಿದಾರೆ" ಎಂದರು. ಅಡುಗೆಯವರು "ಇನ್ನೂ ಸ್ವಲ್ಪ ಬೇಕಿತ್ತು" ಎಂದು ಬಟ್ಟಲು ಮತ್ತೆ ಎತ್ತಿದರು.

"ನೀವಾದರೂ ಜೋರಾಗಿ ಬಾರಿಸಿ, ಸದ್ದು ಮುಚ್ಚಿಹೋಗಲಿ" ಎಂದು ತಂಗಿ ತವಿಲ್ ವಿದ್ವಾಂಸರಿಗೆ ಕೈಮುಗಿದಳು.

ತಿರುವೊಟ್ಟಿಯೂರಿನಿಂದ ಬಂದಿದ್ದ ಆ ಹಿರಿಯರು ಬಾರಿಸಲಿಲ್ಲ. ಬಾನೆಟ್ ಹತ್ತಿರ ಬಂದು, ಅಡುಗೆಯವರ ಕೈಯಿಂದ ಬಟ್ಟಲು ಕಿತ್ತುಕೊಂಡು, "ತೊಗಲಿಗೆ ಎಣ್ಣೆ ಹಚ್ಚಿ ಯಾರಾದರೂ ತವಿಲ್ ಬಾರಿಸ್ತಾರಾ?" ಎಂದು ತಮಿಳಿನಲ್ಲಿ ಗದರಿದರು. ಆಮೇಲೆ ನನ್ನ ಕಡೆ ತಿರುಗಿದರು. "ಯಾವಾಗ ಬಿಗಿದಿರಿ ಸಾಮಿ?"

"ಸೋಮವಾರ. ಎಂಟು ಮಿಲಿಮೀಟರ್, ಅಳೆದೇ ಬಿಗಿದೆ."

"ಆಮೇಲೆ?"

"ಆಮೇಲೆ ಏನು?"

"ಹೊಸ ತೊಗಲು ಕಾಲು ಗಂಟೆ ಬಾರಿಸಿದ ಮೇಲೆ ಸಡಿಲ ಆಗುತ್ತೆ. ಮತ್ತೆ ಎಳೀಬೇಕು. ಎಳೆದಿರಾ?"

ನಾನು ಕೈಪಿಡಿ ತೆಗೆದೆ. ಪುಟ ತಿರುಗಿಸಿದೆ. ಅಲ್ಲಿ ಇತ್ತು: ಸ್ವಲ್ಪ ಹೊತ್ತು ಓಡಿಸಿದ ನಂತರ ಬಿಗಿತವನ್ನು ಮತ್ತೊಮ್ಮೆ ಅಳೆಯಿರಿ. ಆ ಪುಟವನ್ನು ನಾನು ತೆಗೆದೇ ಇರಲಿಲ್ಲ.

"ಈಗ ಬಿಗಿಯಲಾ?" ಎಂದು ಸ್ಪ್ಯಾನರ್ ಹಿಡಿದೆ.

"ಎಣ್ಣೆ ಕುಡಿದದ್ದನ್ನಾ? ಬೇರೆಯದೇ ಬೇಕು. ಈ ಕಾರು ಈಗ ಬಾಯಿ ತೆರೆಯಬಾರದು, ಅಷ್ಟೇ" ಎಂದವರೇ ಬಾನೆಟ್ ಮುಚ್ಚಿಸಿದರು. ವರನ ಎಂಟು ಗೆಳೆಯರನ್ನು ಕರೆದು ಕಾರಿನ ಹಿಂದೆ ನಿಲ್ಲಿಸಿ, "ನನ್ನ ತಾಳಕ್ಕೆ ತಳ್ಳಿ" ಎಂದರು. ನಾದಸ್ವರ ಶುರುವಾಯಿತು. ಕಾರು ಒಂದು ಚೂರೂ ಸದ್ದಿಲ್ಲದೆ, ತೇರಿನಷ್ಟು ಗಂಭೀರವಾಗಿ ಹೊರಟಿತು. "ಇಂಥ ಡ್ರೈವಿಂಗ್ ನಾನು ನೋಡೇ ಇಲ್ಲ" ಎಂದು ವರನ ತಂದೆ ತಂಗಿಯ ಹತ್ತಿರ ಹೊಗಳುತ್ತಿದ್ದರು.

ನನ್ನ ಕೆಲಸ ಸ್ಟೀರಿಂಗ್ ಹಿಡಿಯುವುದಷ್ಟೇ. ತಿರುವಿನಲ್ಲಿ ಹುಡುಗರಿಗೆ ದಮ್ಮು ಕಟ್ಟಿದ್ದು ಕಂಡು, ಒಂದೇ ಒಂದು ಕ್ಷಣ ಇಂಜಿನ್ ಸಹಾಯ ಕೊಡೋಣವೆಂದು ನನ್ನ ಬಲಗೈ ಕೀ ಕಡೆ ಹೋಯಿತು. ಎದುರಿಗೆ ತವಿಲ್ ಬಡಿತ ಫಕ್ಕನೆ ನಿಂತಿತು. ಹಿರಿಯರು ತಿರುಗಿ ನಿಂತಿದ್ದರು. ನಾನು ಕೈ ತೆಗೆದೆ. ಬಡಿತ ಮತ್ತೆ ಶುರುವಾಯಿತು. ಅಲ್ಲಿಂದ ಮಂಟಪದ ಬಾಗಿಲವರೆಗೆ ಅವರು ಹಿಮ್ಮುಖವಾಗಿಯೇ ನಡೆಯುತ್ತಾ, ತವಿಲ್ ಬಾರಿಸುತ್ತಾ, ನನ್ನ ಬಲಗೈಯ ಮೇಲಿಂದ ಕಣ್ಣು ತೆಗೆಯಲಿಲ್ಲ.