ಗೈರುಹಾಜರಾದವರೇ ಕಾರ್ಯದರ್ಶಿ

ಮಲೇಷ್ಯಾದ ಸುಬಾಂಗ್ ಜಯಾದ ಕನ್ನಡ ಬಳಗದಲ್ಲಿ ಎಲ್ಲೂ ಬರೆದಿಡದ ನಿಯಮವೊಂದಿತ್ತು. ವಾರ್ಷಿಕ ಸಭೆಗೆ ಯಾರು ಬರುವುದಿಲ್ಲವೋ ಅವರೇ ಮುಂದಿನ ಕಾರ್ಯದರ್ಶಿ. ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುವ ರತ್ನಾಕರರು ಪರೀಕ್ಷೆಯ ಕೆಲಸದಿಂದಾಗಿ ಮೂರು ಸಭೆಗಳಿಗೆ ಹೋಗಿರಲಿಲ್ಲ. ಮೂರು ಸಲವೂ ಆಯ್ಕೆಯಾಗಿದ್ದರು. ಯುಗಾದಿಗೆ ಸಭಾಂಗಣ ಹುಡುಕುವುದೂ ಅವರೇ, ಹೋಳಿಗೆ ಸಾಲಲಿಲ್ಲವೆಂದು ಬೈಸಿಕೊಳ್ಳುವುದೂ ಅವರೇ.

ಈ ವರ್ಷ ಸಭೆ ಆನ್‌ಲೈನಿನಲ್ಲಿ, ಭಾನುವಾರ ನಾಲ್ಕಕ್ಕೆ.

"ಏನೇ ಆಗಲಿ, ಹಾಜರಾಗ್ತೇನೆ. ನನ್ನಿಂದ ಆಗುದಿಲ್ಲ ಅಂತ ಮುಖಕ್ಕೇ ಹೇಳ್ತೇನೆ" ಎಂದು ಹೆಂಡತಿ ಜಯಮಾಲಾಗೆ ಬೆಳಿಗ್ಗೆಯೇ ಘೋಷಿಸಿದ್ದರು.

ಮೂರೂವರೆಗೆ ಫೋನು ವೈಫೈ ಹಿಡಿಯಲಿಲ್ಲ. ವೈವಾ ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ವಿದ್ಯಾರ್ಥಿಯ ಹಾಗೆ ಅದು ಏನೋ ನೆನಪಿಸಿಕೊಳ್ಳುವಂತೆ ನಟಿಸುತ್ತ ಕೂತಿತು. ಲ್ಯಾಪ್‌ಟಾಪ್ ಕಾಲೇಜಿನಲ್ಲಿತ್ತು. ಮೊಬೈಲ್ ಸಿಗ್ನಲ್ ಅವರ ಮನೆಯಿದ್ದ ಕಟ್ಟಡದ ಗೋಡೆ ದಾಟಿ ಒಳಗೆ ಬಂದದ್ದೇ ಇಲ್ಲ.

ಜಯಮಾಲಾ ಪಕ್ಕದ ಮನೆಯ ಇಂಜಿನಿಯರ್ ಜೀವನ್‌ನನ್ನು ಕರೆತಂದರು.

"ಏನ್ ಸರ್, ವೈಫೈ ಕೈ ಕೊಡ್ತಾ? ಕೊಡಿ ಇಲ್ಲಿ, ಎರಡೇ ನಿಮಿಷ."

"ಬೇಡ ಮಾರಾಯ್ರೇ. ನರ ಎಲ್ಲಿ ತುಂಡಾಗಿದೆ ಅಂತ ಹುಡುಕುದೇ ನನ್ನ ಕಸುಬು."

ರತ್ನಾಕರರು ಫೋನನ್ನು ಆರಿಸಿ ಹಚ್ಚಿದರು. ರೌಟರಿನ ಪ್ಲಗ್ ಕಿತ್ತು, ಹತ್ತು ಎಣಿಸಿ ಮತ್ತೆ ಸಿಕ್ಕಿಸಿದರು. ಕೊನೆಗೆ ಸೆಟ್ಟಿಂಗ್ಸಿಗೆ ಹೋಗಿ, ಈ ನೆಟ್‌ವರ್ಕನ್ನು ಮರೆತುಬಿಡು ಎಂದು ಆಜ್ಞೆ ಕೊಟ್ಟರು. ಫೋನು ವಿಧೇಯವಾಗಿ ಮರೆಯಿತು. ಪಾಸ್‌ವರ್ಡ್ ಅವರಿಗೆ ಮೊದಲೇ ಮರೆತಿತ್ತು.

"ಯಾರೂ ಕದೀಬಾರದು ಅಂತ ಅಷ್ಟು ಕಷ್ಟದ್ದು ಇಟ್ಟದ್ದು ನೀವೇ ಅಲ್ವಾ" ಎಂದರು ಜಯಮಾಲಾ.

ಜೀವನ್ ಮೆಲ್ಲಗೆ ಕೆಮ್ಮಿದ. "ಹ್ಯೂಮರಸ್ ಟೂ ನಾಟ್ ಸಿಕ್ಸ್. ಎಚ್ ಕ್ಯಾಪಿಟಲ್ಲು."

ತೋಳಿನ ಮೂಳೆಯ ಹೆಸರು, ಮೈಯ ಒಟ್ಟು ಮೂಳೆಗಳ ಲೆಕ್ಕ; ರತ್ನಾಕರರು ಫೋನಿನಿಂದ ತಲೆಯೆತ್ತಿದರು.

"ನಿಮಗೆ ಹೇಗೆ ಗೊತ್ತು?"

"ನಮ್ಮದು ಕೆಟ್ಟಾಗ ಮೇಡಮ್ಮು ಚೀಟಿ ಕೊಟ್ಟಿದ್ರು ಸರ್. ಒಂದ್ ವಾರಕ್ಕೆ."

"ಯಾವಾಗ?"

"ದೀಪಾವಳಿಗೆ."

ಈಗ ಆಷಾಢ ನಡೆಯುತ್ತಿತ್ತು.

ಪಾಸ್‌ವರ್ಡ್ ಹಾಕಿದರೂ ಫೋನು ಜಗ್ಗಲಿಲ್ಲ. ಒಳಕೋಣೆಯಲ್ಲಿದ್ದ ಮಗಳು ನವ್ಯಾ ತನ್ನ ಫೋನಿನಲ್ಲಿ ರೌಟರಿನ ಪಟ್ಟಿ ತೆರೆದು ನೋಡಿದಳು. "ರೌಟರ್ ಈಸ್ ಫುಲ್ ಲಾಹ್, ಅಪ್ಪ. ಓನ್ಲಿ ಟೆನ್ ಕ್ಯಾನ್ ಕನೆಕ್ಟ್. ಸಿಕ್ಸ್ ಆರ್ ಜೀವನ್ ಅಂಕಲ್ಸ್."

"ಆರನ್ನೂ ಕಿತ್ತು ಬಿಸಾಡು" ಎಂದರು ರತ್ನಾಕರರು.

ಗೋಡೆಯಾಚೆ ಧಾರಾವಾಹಿಯ ಅಳು ಅರ್ಧಕ್ಕೇ ನಿಂತಿತು. "ರೀ, ಟೀವಿ ಹೋಯ್ತು" ಎಂದು ಜೀವನ್‌ನ ಹೆಂಡತಿ ಕೂಗಿದಳು. ಜೀವನ್ ನೆಲ ನೋಡಿದ.

ಗಂಟೆ ನಾಲ್ಕೂ ಇಪ್ಪತ್ತು. ಫೋನಿನಲ್ಲಿ ಸಭೆ ಮೂಡಿತು, ಮಾತು ಮೂಡಲಿಲ್ಲ. ಅಧ್ಯಕ್ಷ ನಿತ್ಯಾನಂದರ ತುಟಿ ಅಲುಗುತ್ತಿತ್ತು. ಪರದೆಯ ಮೇಲೆ ದಪ್ಪಕ್ಷರದಲ್ಲಿ 'ಕಾರ್ಯದರ್ಶಿ: ರತ್ನಾಕರ' ಎಂದಿತ್ತು. ಇಪ್ಪತ್ತೆಂಟು ತಲೆಗಳು ಒಟ್ಟಿಗೆ ಒಪ್ಪಿಗೆಯಿಂದ ಆಡುತ್ತಿದ್ದವು.

ರತ್ನಾಕರರ ರಕ್ತ ಕುದಿಯಿತು. ಅವರು ಎದ್ದು ನಿಂತರು.

"ಇದಕ್ಕೆ ನನ್ನ ವಿರೋಧ ಉಂಟು. ನನ್ನನ್ನು ಒಂದು ಮಾತು ಕೇಳದೆ ಹೀಗೆ ತೀರ್ಮಾನ ಮಾಡುದು ಅನ್ಯಾಯ. ಇದನ್ನು ಬದಲಾಯಿಸುವವರೆಗೆ ನಾನು ಇಲ್ಲಿಂದ ಕದಲುದಿಲ್ಲ."

ತಲೆಗಳು ಸ್ತಬ್ಧವಾದವು. ಮೂಲೆಯ ಚೌಕದಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಫೋನಿನಲ್ಲಿ ಮಾತು ಕೇಳಿಸಿತು. ನಿತ್ಯಾನಂದರು ಎಲ್ಲರನ್ನೂ ಉದ್ದೇಶಿಸಿ ಹೇಳುತ್ತಿದ್ದರು.

"ನೋಡಿದ್ರಾ? ನಿಯಮದ ಪ್ರಕಾರ ಇವ್ರೇ ಆಗ್ಬೇಕಿತ್ತು. ಪಾಪ, ಮೂರು ವರ್ಷ ದುಡಿದಿದಾರೆ, ಈ ಸಲ ಬಿಟ್ಬಿಡೋಣ, ಯಾರದಾದ್ರೂ ವಿರೋಧ ಇದ್ಯಾ ಅಂತ ಕೇಳಿದೆ. ವಿರೋಧ ಬಂದಿದ್ದು ಇವರೊಬ್ಬರದೇ. ಇಂಥ ನಿಷ್ಠೆ ಎಲ್ಲಿ ಸಿಗತ್ತೆ ಹೇಳಿ. ಎರಡು ವರ್ಷಕ್ಕೆ ಅಂತ ಬರ್ಕೊಳಿ."

"ಹಾಗಲ್ಲ ಮಾರಾಯ್ರೇ, ನಾನು ಹೇಳಿದ್ದು..." ಎಂದು ರತ್ನಾಕರರು ಶುರು ಮಾಡಿದರು. ಈಗ ಅವರ ಕಡೆಯ ಮಾತು ತುಂಡಾಗಿ ಯಾರಿಗೂ ಮುಟ್ಟಲಿಲ್ಲ. ಇಪ್ಪತ್ತೆಂಟು ಮನೆಗಳ ಚಪ್ಪಾಳೆ ಮಾತ್ರ ಎಲ್ಲೂ ತಡವರಿಸದೆ, ಸ್ಫಟಿಕದಷ್ಟು ಸ್ವಚ್ಛವಾಗಿ ಅವರ ಫೋನಿಗೆ ಬಂದು ತಲುಪಿತು.