ಕಾರಿಗಿಟ್ಟ ಕುಂಡ

ಬೆಂಗಳೂರಿನಲ್ಲಿ ಮನೆಯ ಹೊರಗೆ ಹೂವಿನ ಕುಂಡ ಇಡುವವರಲ್ಲಿ ಎರಡು ಬಗೆ. ಹೂವಿಗಾಗಿ ಇಡುವವರು, ಕಾರಿಗಾಗಿ ಇಡುವವರು. ನಾನು ಎರಡನೆಯ ಗುಂಪಿನವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಂಗಳೂರಿನೊಳಗೇ ಇರುವ ಸಿಂಗಾಪುರದ ನಮ್ಮ ಬಡಾವಣೆಯಲ್ಲಿ, ನಮ್ಮ ಮನೆಯೆದುರಿಗೇ ಪಾರ್ಕಿಗೆಂದು ಬಿಟ್ಟ ಒಂದು ಮೂಲೆ ಜಾಗವಿದೆ. ಪಾರ್ಕ್ ಎನ್ನುವುದು ನಕ್ಷೆಯಲ್ಲಿನ ಮಾತು. ನಿಜವಾಗಿ ಇದ್ದದ್ದು ಯಾರೋ ಮನೆ ಒಡೆದು ಸುರಿದ ಕಲ್ಲುಮಣ್ಣು, ಮೊಣಕಾಲುದ್ದದ ಪಾರ್ಥೇನಿಯಂ ಮತ್ತು ಒಂದು ಹೊಂಗೆ ಮರ. ಆ ಮರದ ನೆರಳಿನಲ್ಲಿ ನನ್ನ ಕಾರು. ಅದು ಹೊರಗೆ ಹೋದಾಗ ಬೇರೆ ಯಾರೋ ಗಾಡಿ ತಂದು ನಿಲ್ಲಿಸಿಬಿಟ್ಟರೆ? ಅದಕ್ಕೇ ಎರಡು ಕುಂಡ ಅಡ್ಡ ಇಡುತ್ತಿದ್ದೆ. ಒಂದರಲ್ಲಿ ದಾಸವಾಳ, ಇನ್ನೊಂದರಲ್ಲಿ ಬರೀ ಮಣ್ಣು. ಶಾಲೆಯಲ್ಲಿ ಮಕ್ಕಳಿಂದ ಸಾರ್ವಜನಿಕ ಸ್ವತ್ತಿನ ಬಗ್ಗೆ ಪ್ರಬಂಧ ಬರೆಸುವ ಕನ್ನಡ ಮೇಷ್ಟ್ರು ನಾನು. ಈ ಗುಟ್ಟು ಬಯಲಾದರೆ ಮಾನ ಮೂರು ಕಾಸಿಗೆ ಹರಾಜು!

ಹೀಗಿರುವಾಗ ಬಡಾವಣೆಯವರಿಗೆಲ್ಲ ಇದ್ದಕ್ಕಿದ್ದಂತೆ ಉತ್ಸಾಹ ಬಂತು. ಎಲ್ಲರೂ ಸೇರಿ ಪಾರ್ಕ್ ಮಾಡೋಣ ಎಂದು ಭಾನುವಾರ ಬೆಳಗ್ಗೆ ಅಲ್ಲಿಯೇ ಸಭೆ. ಹೆಂಡತಿ ಕಾರು ತೆಗೆದುಕೊಂಡು ಯಲಹಂಕದ ತವರಿಗೆ ಹೋಗಿದ್ದಳು. ಕುಂಡಗಳು ಮಾತ್ರ ಕಾವಲಿಗೆ ನಿಂತಿದ್ದವು. ಲೇಔಟ್ ಆಗುವ ಮೊದಲು ಇಲ್ಲೇ ರಾಗಿ ಬೆಳೆಯುತ್ತಿದ್ದ ಹಳೇ ಮನೆತನದ ಮುನಿಯಮ್ಮನವರು ಅವುಗಳತ್ತ ಬೊಟ್ಟು ಮಾಡಿದರು. ಸತ್ತೆ ಎಂದುಕೊಂಡೆ.

"ನೋಡ್ರಪ್ಪಾ, ನಾವೆಲ್ಲ ಇವತ್ತು ಮಾತಾಡ್ತಿದೀವಿ. ಮೇಷ್ಟ್ರು ಯಾವತ್ತೋ ಗಿಡ ತಂದು ಮಡಗವ್ರೆ! ಇವ್ರೇ ಅಧ್ಯಕ್ಷರಾಗ್ಲಿ, ಏನಂತೀರಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. "ಅಯ್ಯೋ, ನಾನೇನೂ ಮಾಡಿಲ್ಲ ಬಿಡಿ" ಎಂದೆ. ಸಭೆಯಲ್ಲಿ ನಾನು ಅಷ್ಟು ಶುದ್ಧವಾದ ಸತ್ಯ ನುಡಿದದ್ದು ಅದೇ ಮೊದಲು. ಜನ ಅದನ್ನು ವಿನಯ ಎಂದುಕೊಂಡರು.

ಅಧ್ಯಕ್ಷನಾದ ಮೇಲೆ ಕಾರನ್ನು ಅಲ್ಲಿ ನಿಲ್ಲಿಸಲಾದೀತೇ? ಅಂದು ಸಂಜೆ ಅದು ಯಲಹಂಕದಿಂದ ಬಂದ ಕೂಡಲೇ ಗೇಟಿನೊಳಗೆ ತುರುಕಿದೆ. ಸ್ಕೂಟರ್ ತೆಗೆಯಲು ಜಾಗವಿಲ್ಲವೆಂದು ಹೆಂಡತಿ ದಿನಾ ಸಹಸ್ರನಾಮ ಶುರು ಮಾಡಿದಳು. ಎರಡು ತಿಂಗಳು ಭಾನುವಾರ ಬಂದರೆ ಗುದ್ದಲಿ ಹಿಡಿದೆ. ಬೆಂಚು ಎಲ್ಲರಿಗೂ ಬೇಕು, ಆದರೆ ಯಾರ ಮನೆಯ ಎದುರೂ ಬೇಡ. ಕೊನೆಗೆ ಅದು ಅಧ್ಯಕ್ಷರ ಮನೆಯೆದುರೇ ಕೂತಿತು. "ನಿಮ್ಗೆ ಗಿಡ ಅಂದ್ರೆ ಎಷ್ಟು ಪ್ರೀತಿ ಸಾರ್!" ಎಂದು ಯಾರಾದರೂ ಹೊಗಳಿದಾಗಲೆಲ್ಲ ಇನ್ನಷ್ಟು ಜೋರಾಗಿ ಅಗೆಯುತ್ತಿದ್ದೆ. ಇವರಿಗೆ ಗೊತ್ತಾದ ದಿನ ಬೀದಿಯಲ್ಲಿ ತಲೆ ಎತ್ತಿ ಓಡಾಡುವುದು ಹೇಗೆ?

ಹೊಂಗೆಯ ಸುತ್ತ ಕಲ್ಲಿನ ಕಟ್ಟೆ ಮುಗಿದ ದಿನ ಎಲ್ಲರೂ ಅದರ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ನನಗೆ ಇನ್ನು ತಡೆಯಲಾಗಲಿಲ್ಲ. ಎದ್ದು ನಿಂತು, "ನೋಡಿ, ಆ ಕುಂಡ ನಾನು ಇಟ್ಟಿದ್ದು ಪಾರ್ಕಿಗಲ್ಲ, ಕಾರಿಗೆ" ಎಂದು ಒದರಿಬಿಟ್ಟೆ. ಅಬ್ಬಾ, ಎದೆ ಹಗುರಾಯಿತು! ಇನ್ನು ಬೈಯುವವರು ಬೈಯಲಿ ಎಂದು ಕಣ್ಣು ಮುಚ್ಚಿದೆ.

ಕೇಳಿಸಿದ್ದು ನಗು. ಮುನಿಯಮ್ಮನವರಂತೂ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಮ್ಗೆ ಗೊತ್ತಿಲ್ವಾ ಮೇಷ್ಟ್ರೇ? ದಿನಾ ಕುಂಡ ಎತ್ತಿ ಮಡಗೋದು ಬೀದಿಗೆಲ್ಲ ಕಾಣ್ತಿತ್ತು. ಕಾರು ತೆಗೀರಿ ಅಂತ ಏಳಿದ್ರೆ ಜಗಳಕ್ಕೆ ಬರ್ತಿದ್ರಿ. ಅಧ್ಯಕ್ಷರು ಅಂದ್ವಿ, ನೀವೇ ತೆಗುದ್ರಿ. ಇನ್ನೊಂಚೂರು ಚಿತ್ರಾನ್ನ ಆಕ್ಲಾ?"

ತಟ್ಟೆ ಮುಂದೆ ಹಿಡಿದೆ. ಇಷ್ಟೆಲ್ಲ ಆದ ಮೇಲೂ ರಾಜೀನಾಮೆಯ ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ ನೋಡಿ.